ಒಂದ ಸಲ ಕುಂಡ್ರಾಕ ಬಂದ್ರ ಸಾಕು

ಹಳಿಯಾಳದ ಎಲುಬಿನ ದವಾಖಾನೆಯ ಬೆಂಚಿನ ಮೇಲೆ ನಾನೂ ನಮ್ಮಪ್ಪನೂ ಕೂತದ್ದು ಅದು ಮೂರನೆಯ ಸಲ. ಹಿಂದಿನ ಎರಡೂ ಸಲ ಡಾಕ್ಟರು ಒಪ್ಪಿಗೆ ಕಾಗದ ಮುಂದಿಟ್ಟು ಪೆನ್ನು ಕೊಟ್ಟಿದ್ದರು. ಅಪ್ಪ ಪೆನ್ನಿನ ಟೋಪಿ ತೆಗೆದು, ಒಂದು ಗಳಿಗೆ ಹಾಗೇ ಹಿಡಿದುಕೊಂಡು, ಮತ್ತೆ ಟೋಪಿ ಹಾಕಿ, “ತಡೀರಿ, ವಿಚಾರ ಮಾಡೂಣು” ಅಂತ ಎದ್ದು ಬಂದಿದ್ದ. ವಿಚಾರ ಮಾಡುವವನು ಅವನು, ರಜೆ ಹಾಕುವವಳು ನಾನು.

ನಾನು ರಾಜಶ್ರೀ. ಹಳಿಯಾಳ ಡಿಪೋದಲ್ಲಿ ಬಸ್ ಕಂಡಕ್ಟರ್. ಹದಿನೇಳು ವರ್ಷದಿಂದ ದಾಂಡೇಲಿ, ಜೋಯಿಡಾ, ರಾಮನಗರ ಅಂತ ನಿಂತುಕೊಂಡೇ ತಿರುಗಿದ್ದೇನೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲೆ ಕಂಡಕ್ಟರ್ ಸೀಟೂ ನನಗೆ ಉಳಿದಿಲ್ಲ. ಬಾಗಿಲ ಕಂಬಿಗೆ ಟೊಂಕ ಆನಿಸಿ ನಿಂತರೆ ಅದೇ ವಿಶ್ರಾಂತಿ. ಸಂಜೆ ಮನೆಗೆ ಬಂದು ಕುರ್ಚಿ ಕಂಡರೆ, ಅದರಲ್ಲಿ ಯಾರೇ ಕೂತಿರಲಿ, ಎಬ್ಬಿಸಿಬಿಡೋಣ ಅನ್ನಿಸುತ್ತದೆ. ಈಗ ಒಂದು ತಿಂಗಳಿಂದ ಆ ಕುರ್ಚಿಯಲ್ಲಿ ಕೂತಿರುವವನು ನಮ್ಮಪ್ಪ. ಎಬ್ಬಿಸುವಂತಿಲ್ಲ.

ಅಪ್ಪನ ಹೆಸರು ಚನಬಸಪ್ಪ, ವಯಸ್ಸು ಅರವತ್ತೊಂಬತ್ತು, ಊರು ಮುಂಡಗೋಡ ತಾಲೂಕಿನ ಇಂದೂರ. ಅಲ್ಲಿ ತಮ್ಮ ವೀರೇಶ ಹೊಲ ನೋಡುತ್ತಾನೆ, ಗೊಬ್ಬರದ ಅಂಗಡಿ ನಡೆಸುತ್ತಾನೆ. ಅಪ್ಪನ ಎಡ ಚಪ್ಪೆಯ ಕೀಲು, ತೊಡೆ ಸೊಂಟಕ್ಕೆ ಕೂಡುವ ಜಾಗ, ಸವೆದು ಮೂರು ವರ್ಷವಾಯಿತು. ಮೊದಲು ಹೊಲಕ್ಕೆ ಹೋಗುವುದು ನಿಂತಿತು. ಆಮೇಲೆ ಮಠದ ಮೆಟ್ಟಿಲು ಹತ್ತುವುದು ನಿಂತಿತು. ಸತ್ತವರ ಮನೆಗೆ ಹೋಗುವುದೂ ನಿಂತಿತು. ಕಡೆಗೆ ಒಂದು ದಿನ ಬಚ್ಚಲಿಂದ ಎದ್ದು ಬರಲಾಗದೆ ಒಳಗೇ ಕೂತು ಕೂಗಿದನಂತೆ. ಹುಬ್ಬಳ್ಳಿಯ ಡಾಕ್ಟರ್ ಸಂಜೀವಕುಮಾರ ಹದಿನೈದು ದಿನಕ್ಕೊಮ್ಮೆ ಗುರುವಾರ ಹಳಿಯಾಳಕ್ಕೆ ಬರುತ್ತಾರೆ, ಮಗಳ ಮನೆ ಅಲ್ಲೇ ಇದೆ, ಅಂದುಕೊಂಡು ವೀರೇಶ ಅಪ್ಪನನ್ನು ನನ್ನ ಮನೆಗೆ ತಂದುಬಿಟ್ಟ. ಬಿಟ್ಟು, ಚಹಾ ಕುಡಿದು, ಹೋದ.

ಮೊದಲ ಗುರುವಾರ ಡಾಕ್ಟರು ಎಕ್ಸ್-ರೇ ಫೋಟೋ ನೋಡಿದವರೇ, “ಕೀಲು ಬದಲಿ ಮಾಡಬೇಕ್ರಿ. ತಡಾ ಮಾಡಿದ್ರ ದೀಪಾವಳಿಯೊಳಗ ಹಾಸಿಗಿ ಹಿಡೀತಾರ” ಅಂದರು. ಅಪ್ಪ ತಲೆಯಾಡಿಸಿದ. ಖರ್ಚಿನ ಮಾತು ನಾನೂ ವೀರೇಶನೂ ಮೊದಲೇ ಮುಗಿಸಿಕೊಂಡಿದ್ದೆವು. ಉಳಿದದ್ದು ಒಂದೇ, ಯಾವ ಕೀಲು ಅನ್ನುವುದು. ಡಾಕ್ಟರು ಡ್ರಾವರಿನಿಂದ ಒಂದು ಡಬ್ಬಿ ತೆಗೆದು, ಬಳೆಗಾರರು ಬಳೆ ಹರವಿದ ಹಾಗೆ, ಮೂರು ಕೀಲುಗಳನ್ನು ಮೇಜಿನ ಮೇಲೆ ಇಟ್ಟರು.

ಒಂದು ಸ್ಟೀಲಿನ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು. ಇನ್ನೊಂದು ಸಿರಾಮಿಕ್ಕಿನದು, ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಕಪ್ಪು-ಬಸಿಯ ನುಣುಪು. ಮೂರನೆಯದರಲ್ಲಿ ಗುಂಡಿನೊಳಗೊಂದು ಗುಂಡು ಇತ್ತು, ಚಿಕ್ಕದೂ ತಿರುಗುತ್ತಿತ್ತು, ದೊಡ್ಡದೂ ತಿರುಗುತ್ತಿತ್ತು. ಇಷ್ಟು ಸಾಲದು ಅಂತ, ಎಲುಬಿಗೆ ಕೂಡಿಸುವುದು ಸಿಮೆಂಟ್ ಹಾಕಿಯೋ ಹಾಕದೆಯೋ ಅನ್ನುವುದು ಬೇರೆ. ನನಗೆ ತಲೆ ಗಿರ್ ಅಂದಿತು. ಸೀರೆ ಆರಿಸುವುದಕ್ಕೇ ನನಗೆ ತಾಳ್ಮೆಯಿಲ್ಲ.

“ಯಜಮಾನ್ರ, ದಿನಾ ನೆಲದ ಮ್ಯಾಲೆ ಕುಂಡ್ರೂದು ಎಷ್ಟು ಬೇಕಾಗ್ತೈತಿ? ಅದನ್ನ ನೋಡಿ ಯಾವುದು ಹಾಕೂದಂತ ಹೇಳ್ತೇನಿ” ಅಂದರು ಡಾಕ್ಟರು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. ಅದು ನನ್ನ ಚಟ. ಬಸ್ಸಿನಲ್ಲಿ ಮಂದಿ ಊರಿನ ಹೆಸರು ಹೇಳುವ ಮೊದಲೇ ನಾನು ಟಿಕೆಟ್ ಹರಿದಿರುತ್ತೇನೆ. “ಕುಂಡ್ರೂದ ಇಲ್ರೀ ಸರ್. ಮನ್ಯಾಗ ಕುರ್ಚಿ ಐತಿ, ಕಮೋಡ ಐತಿ. ಲಿಂಗಪೂಜಾಕ್ಕ ಎತ್ತರದ ಸ್ಟೂಲ್ ಮಾಡಸೇನಿ.”

ಅಪ್ಪ ಮೇಜಿನ ಮೇಲಿನ ಗುಂಡುಗಳನ್ನೇ ನೋಡುತ್ತ ಅಂದ, “ಒಂದ ಸಲ ಕುಂಡ್ರಾಕ ಬಂದ್ರ ಸಾಕ್ರಿ.”

“ಲಿಂಗಪೂಜಾಕ್ಕೇನ್ರಿ? ಅದನ್ನ ಕುರ್ಚಿ ಮ್ಯಾಲ ಮಾಡಿದ್ರೂ ನಡೀತೈತ್ರಿ” ಅಂದು ಡಾಕ್ಟರು ಕಾಗದದಲ್ಲಿ, ನೆಲದ ಮೇಲೆ ಕೂರುವುದು ದಿನಕ್ಕೆ ಒಂದು ಸಲ, ಅಂತ ಬರೆದುಕೊಂಡರು. ಎಲುಬು ಮೆತ್ತಗಾಗಿದೆ, ಸಿಮೆಂಟ್ ಹಾಕುವುದೇ ಒಳ್ಳೆಯದು, ಸ್ಟೀಲಿನ ಗುಂಡು ಸಾಕು, ಅಂದರು. ಅಪ್ಪ ಪೆನ್ನಿನ ಟೋಪಿ ತೆಗೆದ. ಹಾಕಿದ. ಎದ್ದ.

ಅಲ್ಲಿಂದ ಶುರುವಾಯಿತು ಮಂದಿಯ ಬುದ್ಧಿವಾದ. ವೀರೇಶ ದಿನಕ್ಕೆರಡು ಸಲ ಫೋನ್ ಮಾಡಿದ. ಅವನು ಮೊಬೈಲಿನಲ್ಲಿ ಹದಿನಾಲ್ಕು ವೀಡಿಯೋ ನೋಡಿ ಅರ್ಧ ಡಾಕ್ಟರ್ ಆಗಿದ್ದ. “ಅಕ್ಕಾ, ಸಿರಾಮಿಕ್ಕ ಹಾಕಸು. ಇಪ್ಪತ್ತೈದು ವರ್ಷ ಬಾಳಿಕಿ.” ಅಪ್ಪನಿಗೆ ಅದನ್ನು ಹೇಳಿದರೆ, “ನಾ ಹೋದ ಮ್ಯಾಲೆ ಅದೊಂದ ಇದ್ದು ಏನ ಮಾಡತೈತಿ?” ಅಂದ. ಪಕ್ಕದ ಮನೆಯ ಗೌಂಡಿ ಇನಾಸನಿಗೆ ಸಿಮೆಂಟಿನ ಚಿಂತೆ. “ಸಿಮೆಂಟ್ ಹಾಕಿದ್ರ ಏಳು ದಿನ ನೀರ ಹೊಡೀಬೇಕ್ರಿ ಬಾಯಿ. ಇಲ್ಲಂದ್ರ ಬಿರಕ ಬಿಡ್ತೈತಿ. ಟೊಂಕದಾಗ ಹೆಂಗ ನೀರ ಹೊಡೀತಾರ?” ಅಂತ ಅವನು ನಿಜವಾದ ಕಾಳಜಿಯಿಂದಲೇ ಕೇಳಿದ. ನನ್ನ ಬಸ್ಸಿನ ಡ್ರೈವರ್ ಮಹಾಬಳೇಶ್ವರ, “ಒರಿಜಿನಲ್ ಸ್ಪೇರ್ ಹಾಕಸ್ರಿ ಮೇಡಂ, ಲೋಕಲ್ ಹಾಕಿದ್ರ ಏರಿನ್ಯಾಗ ಕೈ ಕೊಡತೈತಿ” ಅಂದ. ಎಲ್ಲರಿಗೂ ಒಂದೊಂದು ಕೀಲು ಗೊತ್ತಿತ್ತು. ಕೀಲು ಹೋದವನು ಮಾತ್ರ ಬಾಯಿ ಬಿಡಲಿಲ್ಲ.

ಎರಡನೆಯ ಗುರುವಾರ ಅಪ್ಪ ತಾನೇ ಕೇಳಿದ, ಸ್ಟೀಲಿನ ಗುಂಡನ್ನು ಕೈಯಲ್ಲಿ ಹಿಡಿದುಕೊಂಡು. “ಸಾಹೇಬ್ರ, ಇದನ್ನ ಹಾಕಿದ ಮ್ಯಾಲೆ ಕಾಲು ಪೂರಾ ಮಡಚಿದ್ರ ಏನಾಗ್ತೈತ್ರಿ?”

“ಮಡಚಬಾರದು. ಚಕ್ಕಳಮಕ್ಕಳ ಅಂತೂ ಇನ್ನ ಬಿಟ್ಟ ಬಿಡ್ರಿ. ಗುಂಡು ಬಟ್ಟಲದಾಗಿಂದ ಜಾರಿ ಹೊರಗ ಬರ್ತೈತಿ.”

“ಜಾರಿದ್ರ ಸಪ್ಪಳಾ ಆಗ್ತೈತೇನ್ರಿ?”

ಡಾಕ್ಟರಿಗೆ ನಗು ಬಂತು. “ಆಗ್ತೈತ್ರಿ. ಟಕ್ ಅಂತ. ಬಾಜೂ ಕುಂತಾವ್ರಿಗೂ ಕೇಳಸ್ತೈತಿ.”

ಅಪ್ಪ ಗುಂಡನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ಮುಖ ಸಪ್ಪಗಾಗಿತ್ತು. ಅವತ್ತೂ ಪೆನ್ನಿನ ಟೋಪಿ ತೆಗೆದು, ಮತ್ತೆ ಹಾಕಿ ಎದ್ದ.

ಹೊರಗೆ ಬಂದ ಮೇಲೆ ರಸ್ತೆಯಲ್ಲೇ ನಾನು ಕೂಗಾಡಿದೆ. ಹಣ್ಣಿನ ಗಾಡಿಯವನು ತಿರುಗಿ ನೋಡಿದ, ನೋಡಲಿ ಅಂತ ಇನ್ನೂ ಜೋರು ಮಾಡಿದೆ. “ನಿನಗ ಹಾಸಿಗಿ ಹಿಡೀಬೇಕಂತ ಇದ್ರ ಸೀದಾ ಹೇಳಿಬಿಡು. ನಾ ಎಷ್ಟು ಸಲ ರಜಾ ಹಾಕ್ಲಿ? ಯಾರ ಯಾರ ಕಡೆ ಡ್ಯೂಟಿ ಬದಲಿ ಮಾಡ್ಕೊಳ್ಳಿ? ನಾಳೆ ನೀ ಬಿದ್ರ ಎತ್ತಾಕಿ ನಾನ. ನನಗೂ ಟೊಂಕ ಐತಿ, ನಂದೂ ಹರೀತೈತಿ.”

ಅಪ್ಪ ಕೋಲು ಊರಿಕೊಂಡು ನಿಂತಿದ್ದ. “ನಿನಗ ತ್ರಾಸ ಆಗಾಕತ್ತೈತಿ, ಗೊತ್ತೈತಿ ನನಗ” ಅಂದ. ಅಷ್ಟೇ. ಆಮೇಲೆ ಬಸ್ ಸ್ಟ್ಯಾಂಡಿನ ಕಡೆಗೆ ಒಂದು ಹೆಜ್ಜೆ, ಒಂದು ನಿಟ್ಟುಸಿರು, ಹೀಗೆ ನಡೆಯುತ್ತ ಹೋದ. ನಾನು ಹಿಂದಿನಿಂದ ಅವನ ಚೀಲ ಹಿಡಿದುಕೊಂಡು ಹೋದೆ. ನನಗೆ ನಾಚಿಕೆಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನಾಚಿಕೆಗಿಂತ ದಣಿವು ದೊಡ್ಡದಿತ್ತು. ಅಪ್ಪನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಅಂತ ಯೋಚಿಸುವುದಕ್ಕೂ ಕೂತುಕೊಳ್ಳಲು ಒಂದು ಜಾಗ ಬೇಕಲ್ಲ.

ಮೂರನೆಯ ಗುರುವಾರ ಇದು. ಡಾಕ್ಟರು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ನಮ್ಮ ಮುಂದೆ ಏಳು ಮಂದಿ. ದವಾಖಾನೆಯ ಆಯಾ ಹುಸೇನಬಿ ಹೆಸರು ಬರೆದುಕೊಂಡು ಬಂದಳು. ಅವಳು ಹಳಿಯಾಳದ ಹತ್ತಿರದ ಹಳ್ಳಿಯವಳು, ಸಿದ್ದಿ ಹೆಂಗಸು, ವಯಸ್ಸು ಐವತ್ತು ದಾಟಿದೆ, ಆ ದವಾಖಾನೆಯಲ್ಲಿ ಡಾಕ್ಟರುಗಳಿಗಿಂತ ಹಳಬಳು. ನನ್ನ ಬಸ್ಸಿಗೇ ಬರುವವಳು, ಹಾಗಾಗಿ ಸಲುಗೆ.

“ಇವತ್ತರೆ ಸಹಿ ಮಾಡ್ತಾರೇನು ಕಾಕಾ, ಇಲ್ಲಾ ಪೆನ್ನಿನ ಟೋಪಿ ಜೋಡಿ ಆಟ ಆಡ್ತಾರೋ?” ಅಂತ ನನ್ನನ್ನು ಕೇಳಿದಳು.

ಅಪ್ಪ ಅವಳ ಕಡೆಗೆ ಬಾಗಿ, ದನಿ ತಗ್ಗಿಸಿ ಕೇಳಿದ. “ಹುಸೇನಬಿ, ನೀ ಇಲ್ಲೆ ಭಾಳ ವರ್ಷದಿಂದ ಅದೀ. ಈ ಕೀಲು ಹಾಕಿಸ್ಕೊಂಡಾವ್ರು ಯಾರರೆ ಸತ್ತದ್ದು ನೋಡಿಯೇನು?”

“ಅಪ್ಪಾ!” ಅಂದೆ ನಾನು.

“ಅಯ್ಯ, ಆಪರೇಶನ್‌ದಾಗ ಯಾರೂ ಸಾಯೂದಿಲ್ರೀ ಕಾಕಾ, ಹೆದರಬ್ಯಾಡ್ರಿ.”

“ಆಪರೇಶನ್‌ದಾಗಲ್ಲವಾ. ಆಮ್ಯಾಲೆ. ಐದಾರು ವರ್ಷ ಬಿಟ್ಟು, ತಾನಾಗಿ.”

ಹುಸೇನಬಿ ಅಪ್ಪನ ಮುಖ ನೋಡಿದಳು. ಆಮೇಲೆ ಅವನ ಅಂಗಿಯ ಗುಂಡಿಗಳ ನಡುವೆ ಕಾಣುತ್ತಿದ್ದ ಬೆಳ್ಳಿಯ ಲಿಂಗದ ಕರಡಿಗೆ ನೋಡಿದಳು. ಅವಳ ನಗು ಇಳಿಯಿತು. “ನಿಮ್ಮಲ್ಲೆ ಕುಂಡ್ರಸ್ತಾರಲ್ಲ” ಅಂದಳು. “ಕುಂಡ್ರಿಸಿ ಮಣ್ಣು ಮಾಡ್ತಾರ. ಅದನ್ನ ಕೇಳಾಕತ್ತೀರೇನ್ರಿ ಕಾಕಾ?”

ಅಪ್ಪ ಹೌದು ಅಂತ ತಲೆಯಾಡಿಸಿದ.

“ನಮ್ದ ಚಲೋ ನೋಡ್ರಿ. ಸೀದಾ ಮಲಗೂದು. ಯಾವ ಕೀಲು ಇದ್ರೂ ನಡೀತೈತಿ” ಅಂದು, ಅವಳು ಅಪ್ಪನ ಭುಜ ಮುಟ್ಟಿ, ಮುಂದಿನವರ ಹೆಸರು ಬರೆಯಲು ಹೋದಳು.

ಒಂದ ಸಲ ಕುಂಡ್ರಾಕ ಬಂದ್ರ ಸಾಕ್ರಿ. ನಾಲ್ಕು ವಾರದ ಹಿಂದೆ ನನ್ನ ಕಿವಿಯ ಪಕ್ಕದಲ್ಲೇ ಅಂದ ಮಾತು. ದಿನಕ್ಕೆ ಒಂದು ಸಲವಲ್ಲ. ಜೀವಮಾನಕ್ಕೆ ಒಂದು ಸಲವೂ ಅಲ್ಲ, ಜೀವ ಹೋದ ಮೇಲೆ ಒಂದು ಸಲ. ಬೇರೆ ಧರ್ಮದ ಹೆಂಗಸಿಗೆ ತಿಳಿದದ್ದು ಅವನ ಹೊಟ್ಟೆಯಲ್ಲಿ ಹುಟ್ಟಿದ ನನಗೆ ತಿಳಿದಿರಲಿಲ್ಲ. ನಾನು ಅವನ ಪರವಾಗಿ ಉತ್ತರ ಕೊಡುವುದರಲ್ಲಿ ಇದ್ದೆ.

ತಿಳಿಯದೆ ಇರಲು ನನಗೆ ನೆವವೂ ಇಲ್ಲ. ಇಂದೂರಿನ ನಮ್ಮ ಮಂದಿಯಲ್ಲಿ ಯಾರು ತೀರಿಕೊಂಡರೂ ಮೊದಲು ಕರೆ ಬರುತ್ತಿದ್ದದ್ದು ಅಪ್ಪನಿಗೆ. ಮೈ ಸೆಟೆಯುವುದರೊಳಗೆ ಕಾಲು ಮಡಚಬೇಕು, ಬಟ್ಟೆಯಿಂದ ಬಿಗಿಯಬೇಕು, ಬೆನ್ನಿಗೆ ಹಲಗೆ ಕೊಟ್ಟು ಗೋಡೆಗೆ ಒರಗಿಸಿ ಕೂರಿಸಬೇಕು. ಆಮೇಲೆ ವಿಭೂತಿ, ಹೂವು, ಭಜನೆ. ಮಾರನೆಯ ದಿನ ಹಾಗೇ ಕೂತವರನ್ನು ಹಾಗೇ ಕುಣಿಯಲ್ಲಿ ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗ ಇರಬೇಕಾದರೆ ಮಡಿಲು ಬೇಕು, ಮಡಿಲಿರಬೇಕಾದರೆ ಕಾಲು ಮಡಚಬೇಕು. ಅದಕ್ಕೆ ದುಡ್ಡಿಲ್ಲ, ಹೆಸರಿಲ್ಲ, ಕೈಗುಣ ಬೇಕು. ಅಪ್ಪ ಹೆಣದ ಜೊತೆಗೆ ಮಾತಾಡುತ್ತಿದ್ದ. ನಮ್ಮವ್ವ ಶಂಕ್ರವ್ವ ತೀರಿಕೊಂಡಾಗಲೂ ಅವನೇ ಕೂರಿಸಿದ್ದು. ನಾನು ಬಾಗಿಲಲ್ಲಿ ನಿಂತಿದ್ದೆ. ಅವ್ವನ ಮೊಳಕಾಲಿನ ಕೆಳಗೆ ಒಂದು ಕೈ, ಹಿಮ್ಮಡಿಗೆ ಒಂದು ಕೈ ಕೊಟ್ಟು, ಮಗುವಿಗೆ ಅಂಗಿ ಹಾಕುವಾಗ ಹೇಳುವ ದನಿಯಲ್ಲಿ ಅಂದಿದ್ದ, “ಕಾಲು ಸಡ್ಲ ಬಿಡು. ನಾ ಇಲ್ಲೆ ಅದೇನಲ್ಲ.” ನನ್ನ ಜೀವನದಲ್ಲಿ ಅವನು ಅವ್ವನ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಕೇಳಿದ್ದು ಅದೊಂದೇ ಸಲ.

“ಮೊದಲ ಯಾಕ ಹೇಳಲಿಲ್ಲ?” ಅಂದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ.

“ಏನಂತ ಹೇಳ್ಲಿ? ನೀ ನಾ ಓಡಾಡೂ ಹಂಗ ಆಗ್ಲಿ ಅಂತ ಬಡದಾಡಾಕತ್ತಿ. ನಾ ಸತ್ತ ಮ್ಯಾಲಿಂದ ಮಾತು ತಗದ್ರ ನಿನಗ ಹೆಂಗ ಅನಸ್ತೈತಿ?”

“ಸತ್ತ ಮ್ಯಾಲೆ ಕಾಲು ಹೆಂಗ ಇದ್ರ ಏನಪ್ಪಾ? ಯಾರಿಗೆ ಗೊತ್ತಾಗ್ತೈತಿ?”

ಅಷ್ಟರಲ್ಲಿ ಡಾಕ್ಟರು ಬಂದರು. ಬೆಂಚಿನ ಮೇಲಿನವರು ಒಬ್ಬೊಬ್ಬರಾಗಿ ಮುಂದೆ ಸರಿದರು, ನಾವೂ ಸರಿದೆವು. “ದುಂಡೇಶ ನೆನಪದಾನೇನು?” ಅಂದ ಅಪ್ಪ.

ನೆನಪಿದ್ದ. ನಮ್ಮ ಓಣಿಯವನೇ, ಲಾರಿ ಡ್ರೈವರ್. ಅಪಘಾತವಾಗಿ ತೊಡೆಗೆ ರಾಡು, ಚಪ್ಪೆಗೆ ಪಟ್ಟಿ ಹಾಕಿದ್ದರು. ಕುಂಟುತ್ತ ಹತ್ತು ವರ್ಷ ಬದುಕಿ, ಒಂದು ದಿನ ಎದೆ ಹಿಡಿದುಕೊಂಡು ಸತ್ತಿದ್ದ.

“ಅವನ ಬಲಗಾಲು ಮಡಚಲಿಲ್ಲ” ಅಂದ ಅಪ್ಪ. “ಎಣ್ಣಿ ಹಚ್ಚಿದೆ, ಬಿಸಿನೀರಿನ ಅರಿವಿ ಹಾಕಿದೆ. ಆಗ್ಲಿಲ್ಲ. ಮಂದಿ ಬಂದು ನಿಂತಿದ್ರು, ಸ್ವಾಮಿಗಳು ಬಂದು ನಿಂತಿದ್ರು. ಎಲ್ಲಾರೂ ನನ್ನ ಕೈ ನೋಡಾಕತ್ತಿದ್ರು. ನನಗ ಅಹಂಕಾರ ಬಂತು ರಾಜಶ್ರೀ. ನನ್ನ ಕೈಯಾಗ ಆಗದ್ದು ಏನೈತಿ ಅಂತ. ಜೋರ ಹಾಕಿ ಒತ್ತಿದೆ.” ಅವನು ನಿಲ್ಲಿಸಿದ. “ಟಕ್ ಅಂತು. ಅವನ ಹೆಂಡ್ತಿ ಒಳಗಿನಿಂದ, ಏನ ಸಪ್ಪಳಾ ಅದು, ಅಂದ್ಲು. ನಾ ಹಲಗಿ ಅಂದೆ. ಹಲಗಿ ಸರೀತು ಅಂದೆ.”

ನಾನು ಅವನ ಚೀಲವನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ.

“ಹನ್ನೊಂದು ವರ್ಷ ಆತು. ಆಕಿ ಈಗೂ ಸಿಕ್ಕಲ್ಲೆ ನನಗ ಕೈ ಮುಗೀತಾಳ. ನಮ್ಮವರನ್ನ ಚಲೋ ಕುಂಡ್ರಸಿದ್ರಿ ಅಣ್ಣಾ ಅಂತಾಳ.” ಅಪ್ಪ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡ. “ನನ್ನ ಕಾಲಾಗ ಆ ಸಪ್ಪಳಾ ಬ್ಯಾಡ. ನೀ ಬಾಗಲದಾಗ ನಿಂತಿರ್ತಿ. ನೀ ಏನ ಸಪ್ಪಳಾ ಅಂತ ಕೇಳ್ತಿ, ಯಾರರೆ ಹಲಗಿ ಅಂತಾರ. ಅದು ಬ್ಯಾಡ.”

ಅಷ್ಟರಲ್ಲಿ ಹುಸೇನಬಿ ಕೂಗಿದಳು, “ಚನಬಸಪ್ಪ ಇಂದೂರ, ಒಳಗ ಬರ್ರಿ.”

ಡಾಕ್ಟರು ನಮ್ಮನ್ನು ನೋಡಿದ ಕೂಡಲೇ ಕಾಗದವನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದರು. ಅವರಿಗೂ ಸಾಕಾಗಿತ್ತು, ಹೊರಗೆ ಇನ್ನೂ ಮೂವತ್ತು ಮಂದಿ ಇದ್ದರು. “ಏನ್ರಿ ಯಜಮಾನ್ರ, ಇವತ್ತ ಸ್ಟೀಲೋ ಸಿರಾಮಿಕ್ಕೋ?”

ಅಪ್ಪ ನನ್ನ ಕಡೆ ನೋಡಿದ. ಹೇಳಲಾಗಲಿಲ್ಲ ಅವನಿಗೆ. ಆಗಲೂ ನಾನೇ ಅವನ ಪರವಾಗಿ ಮಾತಾಡಿದೆ, ಆದರೆ ಅವತ್ತಾದರೂ ಅವನ ಮಾತನ್ನೇ ಆಡಿದೆ. “ಸರ್, ನಮ್ಮಪ್ಪ ಅವತ್ತ ಒಂದ ಸಲ ಕುಂಡ್ರಬೇಕು ಅಂದದ್ದು ಪೂಜಾಕ್ಕಲ್ರೀ. ನಮ್ಮಲ್ಲೆ ಸತ್ತ ಮ್ಯಾಲೆ ಚಕ್ಕಳಮಕ್ಕಳ ಹಾಕಿ ಕುಂಡ್ರಿಸಿ ಮಣ್ಣು ಮಾಡ್ತಾರ. ಆವಾಗ ಕೀಲು ಜಾರಬಾರದು. ಅಂಥಾದ್ದು ಯಾವುದೈತಿ ಹೇಳ್ರಿ.”

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲೇ ಜಗಳ ತೆಗೆಯುವವಳಿದ್ದೆ. ಅವರು ಮೊಬೈಲನ್ನು ಮಗುಚಿಟ್ಟು, ಕುರ್ಚಿಗೆ ಒರಗಿ, ಒಂದು ಸಲ ಅಪ್ಪನ ಕಾಲು ನೋಡಿದರು. “ಹನ್ನೆರಡು ವರ್ಷ ಆತ್ರಿ ನಾ ಈ ಕೆಲಸ ಮಾಡಾಕತ್ತು. ಯಾರೂ ಇದನ್ನ ಕೇಳಿಲ್ಲ. ನಿಮ್ಮವ್ರಿಗೇ ಎಷ್ಟೋ ಮಂದಿಗೆ ಹಾಕೇನಿ.” ಆಮೇಲೆ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು, “ಅವರೆಲ್ಲಾರನ್ನ ಹೆಂಗ ಕುಂಡ್ರಸಿದ್ರೋ ಏನೋ.”

ಡಬ್ಬಿ ತೆಗೆದು ಮೂರನೆಯದನ್ನು, ಗುಂಡಿನೊಳಗೆ ಗುಂಡು ಇರುವುದನ್ನು, ಪ್ಲಾಸ್ಟಿಕ್ಕಿನ ಎಲುಬಿಗೆ ಸಿಕ್ಕಿಸಿದರು. ಮಡಚಿ ನೋಡಿದರು, ತಿರುಗಿಸಿ ನೋಡಿದರು, ತಮಗೇ ಖಾತ್ರಿ ಮಾಡಿಕೊಳ್ಳುವ ಹಾಗೆ ಮತ್ತೆ ಮತ್ತೆ ನೋಡಿದರು. “ಇದು ಜಾರೂದು ಕಡಿಮಿ. ಪ್ಲಾಸ್ಟಿಕ್ ಸವೀತೈತಿ, ಆದ್ರ ನಿಮ್ಮ ವಯಸ್ಸಿಗೆ ಸಾಕು. ಎಲುಬು ಮೆತ್ತಗ ಐತಿ, ಅದಕ್ಕ ಸಿಮೆಂಟ ಹಾಕ್ತೇನಿ. ಖರೇ ಹೇಳ್ಬೇಕಂದ್ರ, ಸತ್ತ ಮ್ಯಾಲಿಂದಕ್ಕ ನಾ ಖಾತ್ರಿ ಕೊಡಾಕ ಬರೂದಿಲ್ಲ. ಆದ್ರ ಒಂದು ಮಾತು. ಕೀಲು ಜಾರೂದು ಮೊಳಕಾಲು ಒಳಗ ತಿರುಗಿದಾಗ. ಹಿಂಗ.” ಪ್ಲಾಸ್ಟಿಕ್ಕಿನ ಮೊಳಕಾಲನ್ನು ಒಳಕ್ಕೆ ತಿರುಗಿಸಿದರು. ಟಕ್ ಅಂತ ಗುಂಡು ಹೊರಗೆ ಬಂತು. ಅಪ್ಪ ಕಣ್ಣು ಮುಚ್ಚಿದ. “ಹೊರಗ ತಗದು, ಆಮ್ಯಾಲೆ ನಿಧಾನ ಮಡಚಿದ್ರ ಕುಂಡ್ರತೈತಿ. ನೋಡ್ರಿ.” ಕೂತಿತು. ಸಪ್ಪಳವಾಗಲಿಲ್ಲ.

“ಬದುಕಿದ್ದಾಗ ಮಾತ್ರ ಹಿಂಗ ಕುಂತು ಪರೀಕ್ಷಾ ಮಾಡಬ್ಯಾಡ್ರಿ ಮತ್ತ” ಅಂದರು ಡಾಕ್ಟರು.

“ಬದುಕಿದ್ದಾಗ ಕುರ್ಚಿ ಸಾಕ್ರಿ” ಅಂದ ಅಪ್ಪ.

“ಹಂಗಾರ ಕುಂಡ್ರಸಾವ್ರಿಗೆ ಇದು ಗೊತ್ತಿರಬೇಕು. ಯಾವ ಕಾಲು, ಹೆಂಗ ತಿರುಗಸೂದು. ನಿಮ್ಮೂರಾಗ ಈ ಕೆಲಸ ಯಾರು ಮಾಡ್ತಾರ? ಅವರನ್ನ ಕರಕೊಂಡು ಬರ್ರಿ, ಹೇಳಿಕೊಡ್ತೇನಿ.”

ಅಪ್ಪ ತನ್ನ ಕೈ ನೋಡಿಕೊಂಡ. ಆ ಕೆಲಸ ಮಾಡುವವನು ಅವನೇ. ಬೇರೆ ಯಾರೂ ಕಲಿತಿರಲಿಲ್ಲ. ಕಲಿಯಲು ಯಾರೂ ಬಂದಿರಲಿಲ್ಲ.

“ಮಗ ಅದಾನಲ್ಲ?” ಅಂದರು ಡಾಕ್ಟರು.

“ಅಂವ ಅಂಜುಬುರುಕ್ರಿ. ಅವರವ್ವನ ಟಾಯಮ್ಮಿಗೂ ಹಿತ್ತಲದಾಗ ನಿಂತಿದ್ದ” ಅಂದ ಅಪ್ಪ. ಆಮೇಲೆ ನನ್ನ ಕಡೆ ನೋಡದೆ, ನೆಲ ನೋಡುತ್ತ ಅಂದ, “ಇಕಿಗೆ ಕಲಸ್ರಿ. ಹೆಣ್ಣಮಕ್ಕಳು ಮಾಡೂ ವಾಡಿಕಿ ಇಲ್ಲ ನಮ್ಮೂರಾಗ. ಆದ್ರ ಇಕಿ ದಿನಾ ನೂರು ಮಂದಿನ ಸರಸಿ ಕುಂಡ್ರಸಾಕಿ. ಮಂದಿ ಏನ ಅಂದ್ರೂ ಜಗ್ಗೂದಿಲ್ಲ.”

ನನಗೆ ಬೇಡವಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ರಜೆ ಹಾಕಿದವಳು ನಾನು, ಬಿಸಿನೀರು ಕಾಸಿದವಳು ನಾನು, ಇನ್ನು ಇದೂ ನನ್ನ ಪಾಲಿಗೇ ಬಂತಲ್ಲ ಅನ್ನಿಸಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಅಪ್ಪ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಮದುವೆಯಾದಾಗ ಕೇಳಲಿಲ್ಲ, ನೌಕರಿ ಹತ್ತಿದಾಗ ಕೇಳಲಿಲ್ಲ. ಬಚ್ಚಲಿಂದ ಏಳಲಾಗದಾಗಲೂ ಕೂಗುವ ಮೊದಲು ಅರ್ಧ ತಾಸು ಹಾಗೇ ಕೂತಿದ್ದನಂತೆ.

“ಕಲಸ್ರಿ ಸರ್” ಅಂದೆ.

ಅಪ್ಪನನ್ನು ಒಳಗಿನ ಮಂಚದ ಮೇಲೆ ಮಲಗಿಸಿದರು. ಧೋತರ ಮೊಳಕಾಲಿನ ಮೇಲಕ್ಕೆ ಸರಿಸಿದರು. ಅಪ್ಪನ ಕಾಲು ಅಷ್ಟು ತೆಳ್ಳಗಾಗಿದೆ ಅಂತ ನಾನು ಅವತ್ತಿನವರೆಗೆ ನೋಡಿರಲಿಲ್ಲ. ಪಂಚಮಿಗೆ, ಯುಗಾದಿಗೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಪಾದ ಬೇರೆ, ಇದು ಬೇರೆ. ಡಾಕ್ಟರು ನನ್ನ ಒಂದು ಕೈಯನ್ನು ಮೊಳಕಾಲಿನ ಕೆಳಗೆ ಇರಿಸಿದರು, ಇನ್ನೊಂದನ್ನು ಹಿಮ್ಮಡಿಗೆ. “ಈಗ ಕೀಲು ಬಿಗದೈತಿ, ಸ್ವಲ್ಪೇ ಸ್ವಲ್ಪ. ಮೊದಲ ಹೊರಗ ತಗೀರಿ. ಒಳಗ ಬ್ಯಾಡ. ಹೊರಗ, ಆಮ್ಯಾಲೆ ಮ್ಯಾಲೆ.”

ಮೊಳಕಾಲು ಎರಡು ಬೆರಳಿನಷ್ಟು ಹೊರಗೆ ಬಂತು, ಅಲ್ಲಿ ನಿಂತಿತು. ಅಪ್ಪ ಹಲ್ಲು ಕಚ್ಚಿಕೊಂಡ, ತೊಡೆಯ ನರಗಳೆಲ್ಲ ಬಿಗಿದವು.

“ನೋಯ್ತೈತೇನಪ್ಪಾ?” ಅಂದೆ.

“ಈಗ ನೋಯ್ತೈತಿ. ಆವಾಗ ನೋಯೂದಿಲ್ಲ” ಅಂದ. “ಹೆದರಬ್ಯಾಡ. ಅವಸರ ಮಾಡಬ್ಯಾಡ, ಅಷ್ಟ.”

ನಾನು ಅಳಲಿಲ್ಲ. ಅಳು ಬಂದರೆ ಕೈ ಅಲುಗುತ್ತಿತ್ತು. ಎರಡೂ ಕೈಗಳನ್ನು ಗಟ್ಟಿ ಮಾಡಿಕೊಂಡೆ, ಮತ್ತೊಮ್ಮೆ ಮೊಳಕಾಲನ್ನು ಹೊರಗೆ ತಿರುಗಿಸಲು ಹಿಡಿದೆ, ಅದು ಮತ್ತೆ ಬಿಗಿಯಿತು. ಆಗ ನನ್ನ ಬಾಯಿಂದ ಆ ಮಾತು ತಾನಾಗಿ ಬಂತು, ಅವನದೇ ದನಿಯಲ್ಲಿ.

“ಕಾಲು ಸಡ್ಲ ಬಿಡಪ್ಪಾ. ನಾ ಇಲ್ಲೆ ಅದೇನಲ್ಲ.”

ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ತೊಡೆಯ ಬಿಗಿ ನನ್ನ ಕೈಯಲ್ಲೇ ಇಳಿಯುತ್ತ ಬಂತು, ಕಾಲಿನ ಪೂರ್ತಿ ಭಾರ ನನ್ನ ಅಂಗೈ ಮೇಲೆ ಬಿತ್ತು.

“ಹಾಂ, ಹಂಗ” ಅಂದು, ಡಾಕ್ಟರ ಕಡೆಗೆ ಕೈ ಚಾಚಿದ. “ಪೆನ್ನು ಕೊಡ್ರಿ.”